ಗಾಡಿಗೊಂದು ಅಡಿ

ಪಿಳ್ಳಮ್ಮನ ಗಾಡಿಗೆ ಅಡಿಯೇ ಇಲ್ಲ.
ಕೆಡವಿದ ಮನೆಯ ಕಿಟಕಿ ಗ್ರಿಲ್ಲನ್ನು ಅಂಗಾತ ಮಲಗಿಸಿ
ಸುತ್ತ ಆಂಗಲ್ ಕಟ್ಟಿ, ಸೈಕಲ್ ಚಕ್ರ ಕೊಟ್ಟು
ಎದುರಂಗಡಿ ನಿಸಾರ್ ಬೆಸೆದ ಗಾಡಿ.
ಕಬ್ಬಿಣದ ಹೂವು, ಕಬ್ಬಿಣದ ಬಳ್ಳಿ,
ನೋಡೋಕೆ ಚಂದ. ಬೆಳ್ಳುಳ್ಳಿ ಸುರಿದರೆ
ಅರ್ಧ ಚಿಂತಾಮಣಿಯ ರಸ್ತೆಗೆ.

ಹಿಂದಿನಿಂದ ಹುಡುಗರು ಆಯುತ್ತಾ ಬಂದು
ಆಯ್ದದ್ದನ್ನು ಮುಂದಿನ ತಿರುವಿನಲ್ಲಿ
ಅವಳಿಗೇ ಮಾರಿದ್ದೂ ಉಂಟಂತೆ.

"ಆಚಾರಣ್ಣ, ಒಂದು ಹಲಗೆ ಹಾಕಿಕೊಡು" ಅಂದಳು.
ಒಂದು ಹಲಗೆಯಂತೆ!

ಟೇಪು ಎಳೆದೆ. ಉದ್ದ ನಾಲ್ಕಡಿ, ಅಗಲ ಎರಡೂವರೆ.
ಮೂಲೆಯಿಂದ ಮೂಲೆಗೆ ಹಿಡಿದೆ,
ಉಳಿದೆರಡು ಮೂಲೆಗೂ ಹಿಡಿದೆ:
ಮುಕ್ಕಾಲು ಅಂಗುಲ ಆಚೀಚೆ.
ಬೀದಿ ದಾಟಿ ಹೋಗಿ ಹೇಳಿದೆ.
ನಿಸಾರ್ ಕಪ್ಪು ಕನ್ನಡಕ ಹಣೆಗೇರಿಸಿ
"ನಿನ್ನ ಟೇಪೇ ಸೊಟ್ಟ" ಅಂದ.
ಟೀ ತರಿಸಿದ. ಕುಡಿದು ಬಂದೆ.

ಕಬ್ಬಿಣ ಒಮ್ಮೆ ಹಟ ಹಿಡಿದರೆ ಮುಗಿಯಿತು,
ಮರವೇ ತಗ್ಗಬೇಕು.
ನಮ್ಮ ಮನೆಯಲ್ಲಿ ನಾನು ಮರ.

ಬೋರ್‌ವೆಲ್ ಮೋಟಾರು ಬಂದ ಪೆಟ್ಟಿಗೆ ಬಿಚ್ಚಿದೆ:
ಐದು ಹಲಗೆ, ಒಂದರ ಮೇಲೆ ಛತ್ರಿ,
ಗಾಜಿನ ಲೋಟ, ಆಕಾಶ ತೋರಿಸುವ ಬಾಣ.
ಉಜ್ಜುಗೊರಡು ಇಡುವಷ್ಟರಲ್ಲಿ ಕೈ ಹಿಡಿದಳು:
"ಛತ್ರಿ ಇರಲಿ ಬಿಡು, ಮಳೆಗಾಲಕ್ಕೆ ಆಗುತ್ತೆ."

ಮೂಲೆಮೂಲೆಗೂ ವೆಲ್ಡಿಂಗಿನ ಗಂಟು.
ಹಲಗೆಯ ಕಿವಿ ಕೊಯ್ದೆ, ಕೂರಿಸಿದೆ, ಎತ್ತಿದೆ,
ಉಳಿಯಲ್ಲಿ ಒಂದೆಳೆ ತೆಗೆದೆ,
ಮತ್ತೆ ಕೂರಿಸಿದೆ.
ಮೊಳೆ ಹೊಡೆಯಲಿಲ್ಲ; ಬಳ್ಳಿಯ ಸಂದಿಯಲ್ಲಿ ಬೋಲ್ಟು ಇಳಿಸಿ
ಕೆಳಗಿನಿಂದ ನಟ್ಟು ಬಿಗಿದೆ.
ಹಲಗೆ ಹಲಗೆಯ ನಡುವೆ ಎರಡು ರೂಪಾಯಿ ನಾಣ್ಯ ನಿಲ್ಲಿಸಿ
ಅಷ್ಟೇ ಸಂದು ಬಿಟ್ಟೆ.

"ದುಡ್ಡು ಕೊಟ್ಟು ಸಂದು ಮಾಡಿಸಿಕೊಂಡ ಹಾಗಾಯ್ತಲ್ಲ!"
"ನೀರು ಕುಡಿದ ಮರ ಉಬ್ಬುತ್ತೆ, ಪಿಳ್ಳಮ್ಮ.
ಮೈ ಮುರಿಯೋಕೆ ಅದಕ್ಕೂ ಜಾಗ ಬೇಡವೆ?"

ಕೊನೆಯ ಹಲಗೆ ನೇರ ಹೋಗಲೊಲ್ಲದು.
ಓರೆ ಹಿಡಿದು, ಒಂದು ತುದಿ ಆಂಗಲ್ಲಿನ ತುಟಿಗೆ ಕೊಟ್ಟು
ಅಂಗೈಯಲ್ಲಿ ಒಂದು ಗುದ್ದು.
ಧಪ್ ಅಂತ ಕೂತಿತು.
ಇಡೀ ಗಾಡಿ ತೆಪ್ಪಗಾಯಿತು.
ಆ ತೆಪ್ಪಗಾದದ್ದನ್ನು ನಾನು ಮೆಚ್ಚಿಕೊಂಡೆ,
ಅದೇ ತಪ್ಪು.

ವಾರ ಕಳೆದಿಲ್ಲ, ಗಾಡಿ ಮತ್ತೆ ಅಂಗಡಿ ಮುಂದೆ.
ಒಂದು ಎಸಳೂ ಬಿದ್ದಿಲ್ಲವಂತೆ.
ಬಿದ್ದದ್ದು ಅವಳ ಮುಖ.
"ಗಾಡಿ ಮೂಗಾಗಿದೆ, ಅಣ್ಣ.
ಮೊದಲು ಒಂದು ಕಲ್ಲು ಹತ್ತಿದರೆ ಸಾಕು,
ಗ್ರಿಲ್ಲು ಗಲಗಲ ಅಂದು
ಕೊನೇ ಮನೆಯವಳೂ ಮೊರ ಹಿಡಿದು ಆಚೆ ಬರ್ತಿದ್ದಳು.
ಈಗ ನಾನೇ ಕೂಗಬೇಕು.
ನನಗೆ ಕೂಗಿ ಅಭ್ಯಾಸವಿಲ್ಲ."

ಗಾಡಿಯ ಕೆಳಗೆ ತೆವಳಿದೆ.
ಅಲ್ಲಿ ಅರಳಿಕೊಂಡಿವೆ ಕಬ್ಬಿಣದ ಹೂಗಳು,
ಮುಖ ನೆಲಕ್ಕೆ, ಧೂಳು ಕುಡಿಯುತ್ತ.
ಏನು ಮಾಡಲಿ ಅಂತ ಮಲಗಿರುವಾಗ
ಪಕ್ಕದಲ್ಲಿ ನಿಸಾರನ ಸುಟ್ಟ ಚಪ್ಪಲಿ,
ಆಮೇಲೆ ಅವನ ಕೈ, ಕೈಯಲ್ಲಿ
ತಂತಿಗೆ ಪೋಣಿಸಿದ ನಾಲ್ಕು ವಾಷರು.
ಟೇಪಿನ ಮಾತು ಅವನೂ ಎತ್ತಲಿಲ್ಲ.
ನಡುಹೂವಿನ ಕುತ್ತಿಗೆಗೆ ಕಟ್ಟಿದೆ.

"ನೂಕಿ ನೋಡು."
ನೂಕಿದಳು. ವಾಷರಿನ ಸದ್ದೇನೋ ಬಂತು;
ಅದರ ಜೊತೆ ಇನ್ನೊಂದು, ಸಣ್ಣದು, ಕಟಕಟ.
ಆಗ ನೆನಪಾಯಿತು:
ಅಳತೆಗಿಟ್ಟ ನಾಣ್ಯ ಸಂದಿಯಿಂದ ತೆಗೆದೇ ಇರಲಿಲ್ಲ.

ಕರೆದು ನಿಲ್ಲಿಸಬಹುದಿತ್ತು.
ಅಷ್ಟರಲ್ಲಿ ತಿರುವಿನ ಮನೆಯ ಬಾಗಿಲು ತೆರೆಯಿತು.