ಸೀರಣಿಗೆ

ಶುಕ್ರವಾರ ಮಧ್ಯಾಹ್ನ, ಬಟೂಮಿಯಿಂದ ಕುಟೈಸಿಗೆ ಮರಳುವ ದಾರಿ,
ವ್ಯಾನಿನಲ್ಲಿ ಹದಿನೇಳು ಜನ, ಎರಡು ಕೋಳಿ, ಯಾರದೋ ಹಳೆ ಟೈರು.
ಶಾಲೆಯಿಂದ ಫೋನು.
"ನಿಮ್ಮ ಹುಡುಗಿಯ ತಲೆಯಲ್ಲಿ..." ಎಂದು ಟೀಚರು
ಸಾವಿನ ಸುದ್ದಿ ಹೇಳುವವಳಂತೆ ದನಿ ತಗ್ಗಿಸಿದಳು.
"ಏನು, ಹೇನಾ?" ಎಂದುಬಿಟ್ಟೆ, ಜೋರಾಗಿಯೇ.
ಪಕ್ಕದ ಸೀಟಿನ ಹೆಂಗಸು
ಮೆಲ್ಲಗೆ ತಲೆವಸ್ತ್ರ ಬಿಗಿದುಕೊಂಡಳು.

ಮನೆಗೆ ಬಂದರೆ ನನ್ನಮ್ಮ ನಜಿಬ್ರೋಲ
ಆಗಲೇ ಸೀಮೆಎಣ್ಣೆ ಬಾಟಲಿ ಹಿಡಿದು ನಿಂತಿದ್ದಾಳೆ.
"ನಮ್ಮ ಕಾಲದಲ್ಲಿ ಇದನ್ನೇ ಸುರಿಯುತ್ತಿದ್ದರು.
ಹೇನು ಸತ್ತವು. ನಾವು ಸತ್ತೆವೇ?"
ಅವಳಿಗೂ ಉರಿವ ಒಲೆಗೂ ನಡುವೆ ಅಡ್ಡ ನಿಂತು
ಬಾಟಲಿ ಕಸಿದು ಬಾಲ್ಕನಿಗೆ ಸಾಗಿಸಿದೆ.
"ಹಾಗಾದರೆ ಬೋಳಿಸಿಬಿಡು" ಎಂದಳು.
ಮ್ಜೆಕಾಲ ಎರಡೂ ಕೈಯಲ್ಲಿ ಜಡೆ ಹಿಡಿದು
ಮೇಜಿನಡಿಗೆ ಹೋದಳು.
ಎಂಟು ವರ್ಷ. ಸೊಂಟದವರೆಗೆ ಕೂದಲು.
ನಾನು ಬರುವ ತನಕ ಕತ್ತರಿ ಮುಟ್ಟಿಸಬೇಡ ಎಂದು
ಇವಳಮ್ಮ ಬಸ್ಸಿನ ಕಿಟಕಿಯಿಂದ ಹೇಳಿಹೋಗಿದ್ದಳು.
ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರೆಯೇ, ಅಮ್ಮ?

ಔಷಧದಂಗಡಿಯವಳು ಒಂದು ಶಾಂಪೂ,
ಒಂದು ಉಕ್ಕಿನ ಸೀರಣಿಗೆ ಮುಂದಿಟ್ಟು
"ಮನೆಯಲ್ಲಿ ಎಲ್ಲರಿಗೂ ನೋಡಿ, ನಿಮಗೂ..." ಎಂದವಳು
ನನ್ನ ತಲೆ ಕಂಡು ಮಾತು ನುಂಗಿದಳು.
ಮೂವತ್ತಕ್ಕೇ ಉದುರಿಹೋದ ತಲೆ.
ಹೇನು ಹತ್ತಿದರೂ ಜಾರಿ ಬೀಳಬೇಕು.
ಹೀಗೆ, ಇಡೀ ಮನೆಯಲ್ಲಿ ಬಾಚಣಿಗೆ ಬೇಡದವನಿಗೇ
ಬಾಚುವ ಪಾಳಿ ಬಂತು.

ಅಡುಗೆಮನೆಯ ದೀಪದಡಿ ಕುರ್ಚಿ.
ಸಕ್ಕರೆ ಡಬ್ಬಿಗೆ ಒರಗಿಸಿದ ಫೋನು.
ಅದರೊಳಗೆ, ಇಟಲಿಯ ಬಾರಿಯಿಂದ, ತ್ಸಿಯಾಲ:
"ಹಾಗಲ್ಲ. ಕಿವಿಯ ಹಿಂದಿನಿಂದ ಹಿಡಿ.
ಬುಡದಿಂದ ತುದಿಗೆ. ಎಳೆಯಬೇಡ, ಅವಳಿಗೆ ನೋಯುತ್ತದೆ.
ಒರೆಸು. ಮತ್ತೆ."
ಅವಳಿಗೆ ಅಭ್ಯಾಸ. ದಿನಾ ಬೆಳಗ್ಗೆ ಏಳಕ್ಕೆ
ಯಾರದೋ ತಾಯಿಯ ತಲೆ ಬಾಚುತ್ತಾಳೆ, ಸಂಬಳಕ್ಕೆ.
ಆ ಮುದುಕಿಯ ಕೂದಲು ಎಷ್ಟು ನಯವೆಂದರೆ
ಬಾಚಣಿಗೆಗೆ ಏನೂ ಸಿಕ್ಕುವುದಿಲ್ಲವಂತೆ.

ಇಲ್ಲಿ ಸಿಕ್ಕಿತು. ಬಿಳಿ ತಟ್ಟೆಯ ಮೇಲೆ ಮೊದಲನೆಯದು
ಕಾಲಾಡಿಸಿತು. ಶಿಯೋ ಕಿರುಚಿದ, ಸಂತೋಷದಿಂದ.
ಅವನಿಗೆ ಅದು ಬೆಂಕಿಪೊಟ್ಟಣದಲ್ಲಿ ಬೇಕು, ಸಾಕಲಿಕ್ಕೆ.
"ನಿನ್ನ ತಲೆಯಲ್ಲೇ ಸಾಕುತ್ತಿದ್ದೀಯಲ್ಲೋ" ಎಂದಳು ಅಜ್ಜಿ,
ಉಗುರಿನ ಮೇಲೆ ಉಗುರಿಟ್ಟು, ಟಕ್.
ಆ ಸದ್ದು ಬಾರಿಗೂ ಕೇಳಿಸಿರಬೇಕು.
ತ್ಸಿಯಾಲ ತಲೆ ಕೆರೆದುಕೊಂಡಳು.
ಒಮ್ಮೆ. ಇನ್ನೊಮ್ಮೆ. ಆಮೇಲೆ ಎರಡೂ ಕೈಯಲ್ಲಿ.
"ಫೋನಿನಲ್ಲೂ ಹತ್ತುತ್ತದಾ, ಅಪ್ಪ?" ಎಂದ ಶಿಯೋ.
ಎಷ್ಟು ನಕ್ಕೆವೆಂದರೆ ತಟ್ಟೆ ಅಲುಗಿ
ಹಿಡಿದದ್ದರಲ್ಲಿ ಎರಡು ತಪ್ಪಿಸಿಕೊಂಡವು.

ಅಲ್ಲಿ, ಅವಳ ಬೆನ್ನ ಹಿಂದೆ, ಮುದುಕಿ ಕೂಗಿತು.
ಬಂದೆ ಎಂದಳು, ನಮ್ಮ ಭಾಷೆಯಲ್ಲಲ್ಲ.
ಆರಿದ ಪರದೆಯಲ್ಲಿ ದೀಪ, ದೀಪದಡಿ ನನ್ನ ಬೋಳು ತಲೆ.

ಹನ್ನೊಂದರ ತನಕ ಬಾಚಿದೆ.
ತಿರುವಿನ ದಾರಿಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಕೈಗೆ
ಒಂದು ನೇರ ಬೈತಲೆ ತೆಗೆಯಲು ಬರಲಿಲ್ಲ.
ಮ್ಜೆಕಾಲ ನನ್ನ ಮೊಣಕಾಲ ಮೇಲೆ ನಿದ್ದೆಹೋದಳು,
ಬಾಯಿ ತೆರೆದು, ಒಂದು ಕೈ ಇನ್ನೂ ಜಡೆಯ ತುದಿಯಲ್ಲಿ.
ಸೀರು ಅಕ್ಕಿನುಚ್ಚಿನಂತೆ, ಕಿತ್ತಷ್ಟೂ ಇತ್ತು.
ಕೊನೆಗೆ ಅಮ್ಮ ತಾನೇ ಬಂದು ಕುರ್ಚಿಯಲ್ಲಿ ಕೂತಳು,
ಮಾತಿಲ್ಲದೆ ಕರಿ ಸ್ಕಾರ್ಫು ಬಿಚ್ಚಿದಳು.
ಅವಳಲ್ಲಿ ಒಂದೂ ಇರಲಿಲ್ಲ.
ಆದರೂ ಇನ್ನೊಂದು ಸುತ್ತು ಬಾಚಿದೆ.

ಒಂಬತ್ತು ದಿನ ಬಿಟ್ಟು ಮತ್ತೆ ಹಚ್ಚಿ
ಎಂದು ಶಾಂಪೂ ಬಾಟಲಿಯ ಮೇಲಿದೆ.
ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಸುತ್ತು ಹಾಕಿದೆ.
ಕೆಳಗೆ, ಡಿಸೆಂಬರಿನಲ್ಲಿ, ಇನ್ನೊಂದು ಸುತ್ತಿದೆ,
ಅವಳು ಬರುವ ದಿನ.
ಎರಡು ಸಲ ಅಳಿಸಿ ಬರೆದದ್ದು.
ಅಲ್ಲಿ ಕಾಗದ ತೆಳ್ಳಗಾಗಿ ಗೋಡೆ ಕಾಣುತ್ತದೆ.