ಇಸ್ತ್ರಿ ಅಂಗಡಿಯೊಳಗ ಕಾವು

ಮೊದಲ ಸಲ ನಾ ಅವನ್ನ ಕುದಿಸಿಬಿಟ್ಟೆ.
ಆರು ತತ್ತಿ.
ಕೆಟ್ಟ ಇಸ್ತ್ರಿಯ ಥರ್ಮೋಸ್ಟಾಟ್ ಬಿಚ್ಚಿ
ಮೀನಿನ ಥರ್ಮಾಕೋಲ್ ಡಬ್ಬಿಗೆ ಜೋಡಿಸಿ,
ನಲವತ್ತರ ಬಲ್ಬು ಹಾಕಿ
ಭಾಳ ಶಾಣ್ಯಾನಂಗ ಮಲಗಿದ್ದೆ.
ಇಸ್ತ್ರಿಗೆ ಗೊತ್ತಿರೋದು ಮೂರ ಮಾತು:
ರೇಷ್ಮಿ, ಉಣ್ಣಿ, ಅರಳಿ.
ತತ್ತಿ ಅಂತ ಅದರ ಚಕ್ರದ ಮ್ಯಾಲೆ ಬರದಿಲ್ಲ.
ಮುಂಜಾನೆ ಸಾವಂತ್ರೆವ್ವ ಒಂದನ್ನ ಸುಲದು
ಉಪ್ಪು ಖಾರ ಹಚ್ಚಿ ನನ್ನ ಮುಂದ ಇಟ್ಟಳು.
ನಾ ತಿನ್ನಲಿಲ್ಲ. ಅಕಿ ತಿಂದಳು.

ಎರಡನೇ ಸಲ ಒಂಬತ್ತು.
ಅಂಬಿಗೇರ ದುರಗವ್ವ ಬುಟ್ಟಿಯೊಳಗ ರವದಿ ಹಾಸಿ ತಂದಳು.
"ತಾಯಿನ್ನ ರಾತ್ರಿ ನಾಯಿ ಒಯ್ತು, ಮಾಚಪ್ಪ.
ಇನ್ನಾ ಬೆಚ್ಚಗ ಅದಾವ ನೋಡು.
ನಿನ್ನ ಅಂಗಡ್ಯಾಗ ಹೆಂಗೂ ಕಾವಿಗೆ ಬರ ಇಲ್ಲ."
ತಿಳಿ ಹಸರು ತತ್ತಿ,
ಒಗದು ಒಗದು ಬಣ್ಣ ಬಿಟ್ಟ ಪೊಲೀಸ್ ಅಂಗಿಯಂಗ.

ಈ ಸಲ ರೊಕ್ಕ ಕೊಟ್ಟು ಯಂತ್ರ ತಂದೆ.
ಕೆಂಪು ಅಂಕಿ: ಮೂವತ್ತೇಳೂವರಿ.
ಮೂಲ್ಯಾಗ ಒಂದು ಬಟ್ಟಲ ನೀರು.
ಮನಿ ಮನಿ ಬಟ್ಟಿಗೆ ಗುರುತು ಹಾಕಿದ ಕೈ,
ತತ್ತಿಗೂ ಹಾಕಿತು. ಶಾಯಿ ಬ್ಯಾಡ, ಪೆನ್ಸಿಲ್.
ಒಂದು ಮಗ್ಗಲಕ್ಕ ಗುಣಾಕಾರ, ಇನ್ನೊಂದಕ್ಕ ಸೊನ್ನಿ.
ಒಂದೊಂದು ಗಂಟು ಮುಗದಾಗೊಮ್ಮೆ ಹೊರಳಿಸೋದು:
ಸೆಕ್ಟರ್ ನಲವತ್ತೆರಡರ ಗಂಟು, ಗುಣಾಕಾರ.
ಹಾಸ್ಟೆಲ್ ಹುಡುಗರ ಗಂಟು, ಸೊನ್ನಿ.
ದಿನಕ್ಕೊಮ್ಮೆ ಮುಚ್ಚಳ ತಗದು ಆರಿಸಿ
ಅಂಗಿಗೆ ಹೊಡೆಯೋ ಬಾಟ್ಲಿಲೆ ಪುಸ್ ಪುಸ್.
ನೀರಿಂದ ಎದ್ದು ಬಂದ ತಾಯಿ
ಒದ್ದಿ ಹೊಟ್ಟಿ ಇಟ್ಟು ಕೂಡ್ತಾಳಂತ;
ಬಾತಿನ ತತ್ತಿಗೆ ಬರೇ ಬಿಸಿ ಸಾಲದಂತ.

ಎಂಟನೇ ರಾತ್ರಿ ಅಂಗಡಿ ದೀಪ ಆರಿಸಿ
ಸಾವಂತ್ರೆವ್ವ ಮೊಬೈಲ್ ಬ್ಯಾಟರಿ ಹಿಡದಳು.
ಒಳಗ ಕೆಂಪು ನೂಲು,
ನಡುವ ಒಂದು ಕಪ್ಪು ಗಂಟು, ಅದು ಜಿಗೀತು.
"ಹೊಲಿಗಿ ಹಾಕಾಕತ್ಯಾರ ಯಾರೋ," ಅಂದಳು.
ಎರಡು ಖಾಲಿ ಇದ್ದವು.
ಈ ಸಲ ಅಕಿ ಸುಲೀಲಿಲ್ಲ,
ಕರಿಬೇವಿನ ಬುಡಕ ಹುಗದು ಬಂದಳು.

ಹತ್ತೊಂಬತ್ತನೇ ರಾತ್ರಿ ಗಾಳಿಗೆ ತಂತಿ ಹರೀತು.
ಕೆಂಪು ಅಂಕಿ ಆರಿತು.
ಹೆಸ್ಕಾಂನವರು ಫೋನ್ ಎತ್ತಲಿಲ್ಲ.
ಅಟ್ಟದ ಮ್ಯಾಲಿಂದ ಅಪ್ಪನ ಹಿತ್ತಾಳಿ ಇಸ್ತ್ರಿ ಇಳಿಸಿದೆ,
ಇದ್ದಲಿ ತುಂಬಿ, ಊದಿ, ಹೊಗಿ ಹೋಗಲಿ ಅಂತ ಕಾದು,
ಡಬ್ಬಿ ಬಾಜೂಕ ಇಟ್ಟು ಮ್ಯಾಲೆ ಕೌದಿ ಹೊಚ್ಚಿದೆ.
ಅಂಕಿ ಇಲ್ಲಲ್ಲ,
ತತ್ತಿ ತಗೊಂಡು ಗಲ್ಲಕ್ಕ ಹಚ್ಚಿ ನೋಡೋದು.
ಅಪ್ಪ ಇಸ್ತ್ರಿ ಬಿಸಿ ಹಂಗ ನೋಡ್ತಿದ್ದ,
ಗಲ್ಲಕ್ಕ ಹಚ್ಚದ, ಬರೇ ಸನಿ ತಂದು.
ಆಜಾನ್ ಆದ ಮ್ಯಾಲೆ ಕರೆಂಟ್ ಬಂತು.

ಇಪ್ಪತ್ತೇಳಕ್ಕ ಒಂದು ತತ್ತಿ ಬಿರೀತು.
ಜ್ವಾಳದ ಕಾಳಿನಷ್ಟು ತೂತು. ಒಳಗಿಂದ ಮಾತು.
ಅಷ್ಟ. ಮತ್ತ ಏನಿಲ್ಲ.
ಒಂದು ಹಗಲು, ಒಂದು ರಾತ್ರಿ.
ಮುಚ್ಚಳ ತಗೀಬಾರದು, ಚಿಪ್ಪು ಸುಲೀಬಾರದು,
ಸುಲದರ ರಕ್ತ ಒಳಗ ಸರಿಯೂದಕ್ಕೂ ಮೊದಲ
ಹೊರಗ ಹರೀತೈತಿ.
ಮೂವತ್ತು ವರ್ಷ ಒಂದು ಸುಕ್ಕು ಕಂಡರ ಬಿಡದ ಕೈ.
ಕಾಲರಿನ ಸುಕ್ಕು, ಸೆರಗಿನ ಸುಕ್ಕು,
ಮದುವಿ ಧೋತರದ ಸುಕ್ಕು.
ಈಗ ಅದು ಒದ್ದಿ, ಮುದ್ದಿ, ಸುಕ್ಕ ಸುಕ್ಕಾಗಿ
ತೂತಿನೊಳಗಿಂದ ನೋಡಾಕತ್ತಿತ್ತು.
ನಾ ಎರಡೂ ಕೈ ಕುಂಡಿ ಬುಡಕ ಹಾಕ್ಕೊಂಡು ಕೂತೆ.

ನಾಲ್ಕು ಬದುಕಿದವು.
ಒಂದು ಚಿಪ್ಪಿನೊಳಗ ದಣೀತು.
ಉಳಿದೆರಡು ಯಾಕ ಬರಲಿಲ್ಲೋ, ಬಿಚ್ಚಿ ನೋಡಲಿಲ್ಲ.

ಈಗ ಯಾರದರ ಅಂಗಿಗೆ ಪುಸ್ ಅಂದರ ಸಾಕು,
ಟೇಬಲ್ ಬುಡಕ ನಾಲ್ಕೂ ಓಡಿ ಬರ್ತಾವ,
ಅವ್ವ ಬಂದಳು ಅಂತ.
ಬಂದಿದ್ದು ಎಲ್ಲೈಸಿ ಸಾಹೇಬರ ಬಿಳಿ ಅಂಗಿ.

ಐದನೇ ವಾರ ಬುಟ್ಟಿ ಹೊತ್ತು ಹಿನ್ನೀರಿಗೆ ಹೋದೆ.
ಅಪ್ಪ ಒಗೀತಿದ್ದ ಕಲ್ಲು ಇದರ ಕೆಳಗ ಎಲ್ಲೋ ಐತಿ.
ಅಷ್ಟು ನೀರು ನೋಡಿ
ನಾಲ್ಕೂ ನನ್ನ ಕಾಲ ಹಿಂದ ಅಡಗಿದವು.
ದುರಗವ್ವ ತೆಪ್ಪದಾಗ ಕೂತು ನಗಾಕತ್ತಳು.
ಅತ್ತಿತ್ತ ನೋಡಿ, ಚೀಲದಿಂದ ಬಾಟ್ಲಿ ತಗದು
ಆ ದೊಡ್ಡ ನೀರಿನ ಮ್ಯಾಲೆ
ಪುಸ್ ಪುಸ್ ಅಂತ
ಒಂದೀಟು ನೀರು ಹೊಡದೆ.