ಗೇಣುದ್ದದ ಜೆರೇನಿಯಂ

ವಾರಿಜಾ,
ಹೋದ ವರ್ಷ ಕೊಟ್ಟದ್ದು ಸತ್ತದ್ದು ನನಗೆ ಗೊತ್ತುಂಟು.
ನೀನು ಹೇಳಲಿಲ್ಲ. ಹೂ ಬಿಟ್ಟಿದೆ ಅಂದಿ, ಎರಡು ಸಲ.
ಬೋಳೂರಿಗೆ ಬಂದಾಗ ನೋಡಿದೆ,
ಅದೇ ಡಬ್ಬದಲ್ಲಿ ಬಸಳೆ, ಅದೂ ಕೊಬ್ಬಿದ ಬಸಳೆ.
ನಾನೂ ಹೇಳಲಿಲ್ಲ.
ಮರುವಾಯಿ ಹಾಕಿ ಮಾಡಿದ್ದಿ, ಮತ್ತೊಮ್ಮೆ ಬಡಿಸಿಕೊಂಡೆ.

ಇದು ಇನ್ನೊಂದು. ಕೇಳು.

ಗೇಣಿಗಿಂತ ಎತ್ತರ ಹೋಗುವ ಜಾತಿಯಲ್ಲ,
ಗೊಬ್ಬರ ಸುರಿದು ಏಳಿಸಲು ನೋಡಬೇಡ.
ಕುಳ್ಳಗಿರುವುದು ಇದರ ರೋಗವಲ್ಲ.
ಚಾಪುಡಿಯ ಡಬ್ಬ ಸಾಕು, ಅಡಿಗೆ ಮೂರು ತೂತು,
ತೂತಿನ ಮೇಲೆ ಹಂಚಿನ ಚೂರು.
ಜೆಪ್ಪುವಿನಲ್ಲಿ ಮುಚ್ಚಿದ ಕಾರ್ಖಾನೆಯ ಹಿಂದೆ ರಾಶಿ ಬಿದ್ದಿದೆ;
ಅಪ್ಪ ಇಪ್ಪತ್ತು ವರ್ಷ ಮಣ್ಣು ತುಳಿದ ಜಾಗ.
ಯಾವ ಚೂರು ಅವನ ಕಾಲಿನದು ಅಂತ ನಾನು ಹುಡುಕುವುದಿಲ್ಲ,
ದಪ್ಪನೆಯದು ಆರಿಸಿ ತರುತ್ತೇನೆ.
ಮಣ್ಣಿಗೆ ಅರ್ಧ ಹೊಯ್ಗೆ. ಹೊಳೆಯದು,
ಕಡಲಿನದಲ್ಲ.

ನೀರು. ಇಲ್ಲಿಯೇ ನೀನು ತಪ್ಪಿದ್ದು.
ಬೆರಳು ಇಳಿಸಿ ನೋಡು, ಎರಡನೇ ಗೆಣ್ಣಿನವರೆಗೆ.
ತಣ್ಣಗಿದ್ದರೆ ಚೆಂಬು ಕೆಳಗಿಟ್ಟು ಹಿಂದೆ ಬಾ.
ಹಿಂದೆ ಬರುವುದೂ ಒಂದು ಕೆಲಸವೇ ಮಾರಾಯ್ತಿ,
ನಮಗೆ ಯಾರೂ ಕಲಿಸದ್ದು.
ಬೀಡಿ ಎಲೆ ನೆನೆಸಿ ನೆನೆಸಿ ಬೆಳೆದವರು ನಾವು,
ಒಣಗಿದ್ದು ಕಂಡರೆ ಕೈ ನಿಲ್ಲುವುದಿಲ್ಲ.

ಎಲೆ ಮೂಸಿ ನೋಡಿದಿಯಾ?
ಬೆನೆಡಿಕ್ಟಾ ಬಾಯಿ ಇದರ ಅಜ್ಜಿಯನ್ನು
ಊಟಿಯಿಂದ ಮಡಿಲಲ್ಲಿಟ್ಟು ತಂದರಂತೆ.
ಘಾಟಿಯ ತಿರುವಿನಲ್ಲಿ ಪಕ್ಕದವ ಓಕರಿಸಿದಾಗ
ಒಂದೆಲೆ ಕಿವುಚಿ ಅವನ ಮೂಗಿಗೆ ಹಿಡಿದರಂತೆ.
ಊರು ಮುಟ್ಟುವಾಗ ಎಲೆ ನಾಲ್ಕೇ ಉಳಿದಿತ್ತು.

ಮೊದಲ ಮೊಗ್ಗು ಚಿವುಟು.
ಸಂಕಟವಾಗುತ್ತದೆ, ಚಿವುಟು.

ಆಟಿಯ ಮಳೆಗೆ ಒಳಗೆ ತಾ, ಕಿಟಕಿಯ ದಳಿಯ ಹತ್ತಿರ.
ಆದರೂ ಒಂದು ಬೆಳಿಗ್ಗೆ ಬುಡ ಕಪ್ಪಾಗಿರುತ್ತದೆ,
ಕರಿ ತಿಕ್ಕಿದ ಹಾಗೆ.
ನಾಳೆ ನೋಡುವ ಅನ್ನಬೇಡ, ಕಪ್ಪು ರಾತ್ರಿ ಹತ್ತುತ್ತದೆ.
ಬೀಡಿ ಕತ್ತರಿ ತಕ್ಕೊ.
ಮೊದಲು ಬಿಸಿನೀರಿನಲ್ಲಿ ತೊಳೆ, ಕೈಯನ್ನೂ;
ಹೊಗೆಸೊಪ್ಪಿನ ಧೂಳು ಇದಕ್ಕಾಗದು.
ಕತ್ತರಿಸು. ಒಳಗೆ ಕಂದು ಕಂಡರೆ ಇನ್ನೂ ಮೇಲೆ,
ಇನ್ನೂ ಮೇಲೆ,
ಶುದ್ಧ ಹಸುರು ಸಿಗುವವರೆಗೆ.
ಎರಡು ಬೆರಳು ಉಳಿದರೂ ಗಿಡವೇ.
ಕೂಡಲೇ ನೆಡಬೇಡ. ತಡ್ಪೆಯ ಮೂಲೆಯಲ್ಲಿ
ಒಂದು ಹಗಲು ಒಂದು ರಾತ್ರಿ ಬಿಡು,
ಗಾಯ ತಾನೇ ಚರ್ಮ ಕಟ್ಟಲಿ.
ಬಾಡಿದಂತೆ ಕಾಣುತ್ತದೆ. ಕಾಣಲಿ.

ನಾನು ಹನ್ನೊಂದು ಕೊಂದಿದ್ದೇನೆ.
ಒಂದನ್ನು ಕಡಲ ಹೊಯ್ಗೆಯಿಂದ, ಉಳಿದದ್ದು ಚೆಂಬಿನಿಂದ.
ಲೆಕ್ಕ ಯಾರಿಗೂ ಕೊಟ್ಟಿರಲಿಲ್ಲ,
ಬ್ರಾಂಚಿನವರು ಬೀಡಿ ಎಣಿಸುತ್ತಾರೆ, ಇದನ್ನಲ್ಲ.
ಹನ್ನೆರಡನೆಯದು ನಿನ್ನ ಕೈಯಲ್ಲಿರುವುದರ ತಾಯಿ.

ಸತ್ತರೆ ಹೇಳು. ಡಬ್ಬ ವಾಪಸು ತಾ, ಚೂರು ಸಮೇತ.
ಬಸಳೆಗೆ ಬೇರೆ ಜಾಗ ನೋಡು,
ಮರುವಾಯಿ ಸಿಕ್ಕಿದ ದಿನ
ಹೇಳಿ ಕಳಿಸು.